ಒಗೆದು ತಂದ ಟೋಪಿ

ಟೋಪಿ ಬಂದದ್ದು ಪ್ರೆಶರ್ ಕುಕ್ಕರಿನ ಖಾಲಿ ರಟ್ಟಿನ ಪೆಟ್ಟಿಗೆಯಲ್ಲಿ, ಇಸ್ತ್ರಿ ಹಾಕಿದ ಬಿಳಿ ಮುಂಡಿನೊಳಗೆ ಸುತ್ತಿಕೊಂಡು. ತಂದವರು ಬಂಟ್ವಾಳದ ಕಡೆಯ ಒಬ್ಬ ವಯಸ್ಸಾದ ಬ್ಯಾರಿಗಳು. ಮಸ್ಕತ್ತಿನ ಬೌಷರಿನಲ್ಲಿ ಪರದೆ ಬಟ್ಟೆ ಮಾರುವ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಕಚೇರಿ. ಮೆಟ್ಟಿಲು ಹತ್ತಿದ ಅವರು ಚಪ್ಪಲಿಯನ್ನು ಹೊರಗೇ ಬಿಟ್ಟು, ಏದುಸಿರು ಇಳಿಯುವವರೆಗೆ ಬಾಗಿಲಲ್ಲೇ ನಿಂತರು. ಬಂದವರು ಯಾರೆಂದು ನಾನು ತಲೆಯೆತ್ತಿ ನೋಡಿದೆ. ನಾನು ಉಡುಪಿಯವಳು ಎಂದು ಅವರಿಗೆ ನನ್ನ ಮೊದಲನೆಯ ಮಾತಿನಲ್ಲೇ ಗೊತ್ತಾಯಿತು. ಆಮೇಲೆ ನಾವು ಮಾತಾಡಿದ್ದೆಲ್ಲ ಅರ್ಧ ತುಳು, ಅರ್ಧ ಕನ್ನಡ. ನಾನು ಅವರನ್ನು ಕಾಕ ಎಂದೆ, ಅವರು ನನ್ನನ್ನು ಅಕ್ಕ ಎಂದರು.

ಹಳೆಯ ವಸ್ತುಗಳಿಗೆ ವಿವರಣೆ ಬರೆಯುವುದು ನನ್ನ ಕೆಲಸ. ನಮ್ಮ ಅರ್ಬಾಬ್, ಅಂದರೆ ಒಮಾನಿ ಯಜಮಾನರು, ಬೆಳ್ಳಿಯ ಖಂಜರು, ಹಳೆಯ ನಾಣ್ಯ, ಗಡಿಯಾರ, ಸೇನೆಯ ಪದಕ ಇತ್ಯಾದಿಗಳನ್ನು ಜನರಿಂದ ಪಡೆದು ಜಾಲತಾಣದ ಮೂಲಕ ಹೊರದೇಶದ ಸಂಗ್ರಾಹಕರಿಗೆ ಮಾರಿಕೊಡುತ್ತಾರೆ. ಪ್ರತಿಯೊಂದಕ್ಕೂ ಫೋಟೊ ತೆಗೆದು, ಅಳೆದು, ತೂಗಿ, ಕಂಡದ್ದನ್ನೆಲ್ಲ ಇಂಗ್ಲಿಷಿನಲ್ಲಿ ಬರೆಯುವವಳು ನಾನು. ಕಚೇರಿಯಲ್ಲಿ ನನ್ನ ಹೊರತು ಯಾರೂ ಇಲ್ಲ. ಅರ್ಬಾಬ್ ವಾರಕ್ಕೊಮ್ಮೆ ಬಂದು ಕಹ್ವಾ ಕುಡಿದು ಹೋಗುತ್ತಾರೆ. ಹತ್ತಿರದಲ್ಲೇ ಒಂದು ಕೋಣೆಯ ಬಾಡಿಗೆ ಮನೆ. ಗಂಡ ತೀರಿಕೊಂಡ ಮೇಲೂ ಈ ಊರು ಬಿಡದೆ ಉಳಿದೆ. ಮಗ ಮಣಿಪಾಲದಲ್ಲಿ ಓದುತ್ತಾನೆ. ನನ್ನ ಉದ್ದುದ್ದ ಸಂದೇಶಗಳಿಗೆ ಅವನ ಉತ್ತರ ಒಂದು ಹೆಬ್ಬೆರಳಿನ ಚಿತ್ರ. ನನ್ನ ಬರಹವನ್ನು ಅಕ್ಷರಕ್ಕೆ ಅಕ್ಷರ ಓದುವವರು ಸಂಗ್ರಾಹಕರು ಮಾತ್ರ, ಅವರೂ ಬರೆಯುವುದು ತಪ್ಪು ಸಿಕ್ಕಾಗ. ಕೆಲವು ದಿನ ಆ ತಪ್ಪು ಹುಡುಕುವ ಪತ್ರಕ್ಕೂ ನಾನು ಕಾಯುತ್ತಿದ್ದೆ. ಒಂಟಿತನಕ್ಕೆ ನಾಚಿಕೆ ಇಲ್ಲ ನೋಡಿ.

ಕಾಕ ಒಬ್ಬ ಜರ್ಮನ್ ಇಂಜಿನಿಯರರ ಮನೆಯಲ್ಲಿ ತಾರುಣ್ಯದಿಂದಲೂ ಅಡುಗೆ ಮಾಡಿಕೊಂಡಿದ್ದವರು. ಹೆಂಡತಿ ಮಕ್ಕಳಿಲ್ಲದ ಆ ಇಂಜಿನಿಯರು ನಿವೃತ್ತರಾದ ಮೇಲೂ ಮಸ್ಕತ್ತಿನಲ್ಲೇ ಉಳಿದಿದ್ದರು, ಕಳೆದ ವರ್ಷ ಕಾಯಿಲೆ ಬಿದ್ದು ತೀರಿಕೊಂಡರು. ಕೊನೆಯ ದಿನಗಳಲ್ಲಿ ಅವರು ಕಪಾಟಿನ ಹಿಂದಿನಿಂದ ಈ ಟೋಪಿಯನ್ನು ತೆಗೆಸಿ, ಇದು ನನ್ನ ತಂದೆಯದ್ದು, ಅವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಸೇನೆಯಲ್ಲಿದ್ದರು, ಇದನ್ನು ನಾನು ಯಾರಿಗೂ ಹೇಳಿಲ್ಲ, ನನಗೆ ನಾಚಿಕೆ, ಆದರೆ ತಂದೆ ತಂದೆಯೇ ಎಂದು ಒಡಕು ಅರಬಿ, ಒಡಕು ಇಂಗ್ಲಿಷಿನಲ್ಲಿ ಹೇಳಿ ಅತ್ತಿದ್ದರಂತೆ. ಆಮೇಲೆ ಟೋಪಿಯನ್ನು ಕಾಕನ ಕೈಗೆ ಕೊಟ್ಟಿದ್ದರು. ಆ ಸೇನೆ ಏನೇನು ಮಾಡಿತು ಎಂಬುದನ್ನು ಕಾಕ ಟಿ.ವಿ.ಯಲ್ಲಿ ನೋಡಿ ಬಲ್ಲರು. ಮೊಮ್ಮಕ್ಕಳು ತಲೆಗಿಟ್ಟುಕೊಂಡು ಆಡುವ ವಸ್ತುವಲ್ಲ ಇದು, ಊರಿಗೆ ಒಯ್ಯುವುದಿಲ್ಲ, ಏನೆಂದು ಬಲ್ಲವರ ಕೈಗೆ ಹೋಗಲಿ ಎಂಬುದು ಅವರ ತೀರ್ಮಾನ. ಅವರ ವೀಸಾ ಮುಗಿಯುತ್ತ ಬಂದಿತ್ತು. ಬರ್ಕಾದಲ್ಲಿ ಊರಿನವರೊಬ್ಬರ ದಿನಸಿ ಅಂಗಡಿಯ ಹಿಂದಿನ ಕೋಣೆಯಲ್ಲಿ ತಾತ್ಕಾಲಿಕವಾಗಿ ಇದ್ದರು.

ಹೊರಡುವ ಮುಂಚೆ ಅವರು ನಿಜವಾದ ವಿಷಯಕ್ಕೆ ಬಂದರು. ಬರ್ಕಾದ ಆ ಅಂಗಡಿಯ ಯಜಮಾನ ಟೋಪಿಯನ್ನು ನೋಡಿ ನಕ್ಕಿದ್ದನಂತೆ. ಇದು ನಾಟಕದವರು ಹಾಕುವಂಥದ್ದು, ಇಷ್ಟು ವರ್ಷ ಅನ್ನ ಬೇಯಿಸಿ ಹಾಕಿದ್ದಕ್ಕೆ ಜರ್ಮನಿಯವ ನಿನಗೆ ಚೆನ್ನಾಗಿ ಟೋಪಿ ಹಾಕಿದ ಎಂದಿದ್ದನಂತೆ.

"ದರ ಎಷ್ಟು ಬೇಕಾದ್ರೂ ಬರ್ಲಿ, ಬಾರದಿರ್ಲಿ," ಎಂದರು ಕಾಕ. "ಸಾರ್ ಸಾಯುವಾಗ ನನ್ನ ಹತ್ತಿರ ಮಾತ್ರ ಹೇಳಿದ ಮಾತು ಅದು. ಅದು ನಾಟಕವಾ ಅಲ್ಲವಾ, ಅಷ್ಟು ನನಗೆ ಗೊತ್ತಾಗ್ಬೇಕು."

ಮರುದಿನ ಬೆಳಿಗ್ಗೆ ಕೈ ತೊಳೆದು, ಹತ್ತಿಯ ಕೈಗವಸು ಹಾಕಿ ಟೋಪಿಯನ್ನು ಮೇಜಿನ ಮೇಲಿಟ್ಟೆ. ವಿವರಣೆಗೆ ಒಂದು ಕ್ರಮ ಇದೆ: ಮೇಲಿನಿಂದ ಕೆಳಕ್ಕೆ, ಹೊರಗಿನಿಂದ ಒಳಕ್ಕೆ. ಬೂದು ಹಸಿರು ಉಣ್ಣೆಯ ನೆತ್ತಿ. ಸುತ್ತ ಕಡು ಹಸಿರಿನ ಪಟ್ಟಿ. ನೆತ್ತಿಯ ಅಂಚಿಗೆ ಒಂದು, ಪಟ್ಟಿಯ ಮೇಲೆ ಕೆಳಗೆ ಒಂದೊಂದು, ಹೀಗೆ ಬಿಳಿ ಪೈಪಿಂಗಿನ, ಅಂದರೆ ಅಂಚಿಗೆ ಹೊಲಿದ ದುಂಡು ಪಟ್ಟಿಯ, ಮೂರು ಸಾಲು. ಆ ಸೇನೆಯಲ್ಲಿ ಬಿಳಿ ಎಂದರೆ ಕಾಲ್ದಳ. ಮುಂದೆ ಎಲೆಗಳ ಬಳ್ಳಿಯ ಲಾಂಛನ. ಅದರ ಕೆಳಗೆ ಬೆಳ್ಳಿ ಬಣ್ಣದ ಎರಡೆಳೆ ಹುರಿ, ಅಂದರೆ ಅಧಿಕಾರಿಯ ಟೋಪಿ. ಆ ಸೇನೆಯ ಹದ್ದಿನ ಚಿಹ್ನೆ ಇರಬೇಕಾದ ಜಾಗದಲ್ಲಿ ಎರಡು ಸಣ್ಣ ತೂತುಗಳು ಮಾತ್ರ ಇದ್ದವು, ಅವುಗಳ ಸುತ್ತ ಬಣ್ಣ ಮಾಸದ ರೆಕ್ಕೆಯ ಗುರುತು. ಯಾರೋ ಬಹಳ ಹಿಂದೆಯೇ ಅದನ್ನು ಕಿತ್ತಿದ್ದರು. ಯುದ್ಧ ಮುಗಿದ ಮೇಲೆ ಎಷ್ಟೋ ಮನೆಗಳಲ್ಲಿ ಹಾಗೆ ಮಾಡಿದ್ದಾರೆ. ಇಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ಇತ್ತು.

ಒಳಗೆ ತಿರುಗಿಸಿದಾಗ ಮನಸ್ಸು ಕೆಟ್ಟಿತು. ಹಣೆಗೆ ತಾಗುವ ಚರ್ಮದ ಪಟ್ಟಿ ಹೊಚ್ಚ ಹೊಸದು. ಹೊಲಿಗೆ ಯಂತ್ರದ್ದು, ನೂಲು ಪಾಲಿಯೆಸ್ಟರ್. ಹಳೆಯ ಟೋಪಿಗಳನ್ನು ಅನುಕರಿಸಿ ಮಾಡುವವರು ಎಡವುವುದು ಸಾಮಾನ್ಯವಾಗಿ ಇಂಥ ಕಡೆಯೇ. ಇನ್ನು ಉಳಿದದ್ದು ಅತಿನೇರಳೆ ಬೆಳಕಿನ ಪರೀಕ್ಷೆ. ಯುದ್ಧಕಾಲದ ನೂಲು, ಬಟ್ಟೆಗಳು ಆ ಬೆಳಕಿನಲ್ಲಿ ಮಂಕಾಗಿ ಕಾಣುತ್ತವೆ. ಆಮೇಲಿನ ಕಾಲದ ಬಹಳಷ್ಟು ಬಟ್ಟೆಗೆ ಬೆಳ್ಳಗೆ ಕಾಣಲೆಂದು ರಾಸಾಯನಿಕ ಬೆರೆಸಿರುವುದರಿಂದ ಅದು ನೀಲಿಯಾಗಿ ಹೊಳೆಯುತ್ತದೆ. ಪರದೆ ಎಳೆದು, ದೀಪ ಆರಿಸಿ ಟಾರ್ಚು ಒತ್ತಿದೆ. ಪೈಪಿಂಗಿನ ಮೂರೂ ಸಾಲು ದೀಪಾವಳಿಯ ಸರದ ಹಾಗೆ ಹೊತ್ತಿಕೊಂಡವು.

ಅರ್ಬಾಬಿಗೆ ಫೋನು ಮಾಡಿ ಹೇಳಿದೆ. ಖಲಾಸ್, ನಕಲು ಎಂದು ಬರೆದು ಮುದುಕನಿಗೆ ಹಿಂದೆ ಕೊಡು ಎಂದರು. ಒಂದು ಸಾಲಿನ ಟಿಪ್ಪಣಿ ಬರೆಯಲು ನನಗೆ ಕಷ್ಟವಾಗಲಿಲ್ಲ. ಅದನ್ನು ಕಾಕನಿಗೆ ಹೇಳುವುದು ಕಷ್ಟವಾಯಿತು. ಫೋನಿನಲ್ಲಿ ಆದಷ್ಟು ಮೆತ್ತಗೆ ಹೇಳಿದೆ: ಇದು ಆ ಕಾಲದ್ದಲ್ಲ ಅಂತ ಕಾಣುತ್ತದೆ ಕಾಕ, ನೂಲು ಹೊಸದು. ಅವರು "ಹೌದಾ ಅಕ್ಕ, ಆಯ್ತು," ಎಂದರು. ಜಗಳ ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು.

ಅವರು ಟೋಪಿ ತೆಗೆದುಕೊಂಡು ಹೋಗಲು ಬರಲಿಲ್ಲ. ನಾಳೆ ಬಂದಾರು ಎಂದು ಅದನ್ನು ಮೇಜಿನ ಮೂಲೆಯಲ್ಲೇ ಇಟ್ಟೆ. ಅದು ಅಲ್ಲೇ ಕುಳಿತಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಎದುರಿಗೆ ಅದು, ಸಂಜೆ ದೀಪ ಆರಿಸುವಾಗಲೂ ಅದು. ಆ ಕೋಣೆಯಲ್ಲಿ ಯಾರಿಗೂ ಬೇಡವಾದವರು ಇಬ್ಬರಾದೆವು ಎಂದು ಒಂದು ದಿನ ಅನ್ನಿಸಿ, ನನ್ನ ಮೇಲೆ ನನಗೇ ಸಿಟ್ಟು ಬಂತು. ಕರೆ ಮಾಡಿದರೆ ಕಾಕ ಎತ್ತಲಿಲ್ಲ. ಆ ಮುದುಕರ ದನಿ ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ ಕಾಡುತ್ತಿತ್ತು. ಹಿಂದಿರುಗಿಸುವ ಕಡತಕ್ಕೆ ಫೋಟೊ ಸೇರಿಸಬೇಕಿತ್ತಾದ್ದರಿಂದ ಅತಿನೇರಳೆ ಬೆಳಕಿನಲ್ಲಿ ತೆಗೆದ ಚಿತ್ರಗಳನ್ನು ಕಂಪ್ಯೂಟರಿನ ಪರದೆಯ ಮೇಲೆ ದೊಡ್ಡದು ಮಾಡಿ ನೋಡತೊಡಗಿದೆ.

ಆಗ ಕಣ್ಣಿಗೆ ಬಿದ್ದದ್ದು ಹೀಗೆ. ಪೈಪಿಂಗೇ ಹೊಸದಾಗಿದ್ದರೆ ಹೊಳಪು ಅದರ ಅಂಚಿಗೆ ನಿಲ್ಲಬೇಕು. ಇಲ್ಲಿ ಅದು ಪೈಪಿಂಗನ್ನು ದಾಟಿ ಪಕ್ಕದ ಹಸಿರು ಉಣ್ಣೆಯ ಮೇಲೂ ಹರಡಿತ್ತು. ಕೆಲವು ಕಡೆ ದಟ್ಟ, ಕೆಲವು ಕಡೆ ತೆಳು. ಟೋಪಿಯ ಎಡಬದಿಯಲ್ಲಿ ಅರ್ಧ ಚಂದ್ರದಂಥ ಒಂದು ಗೀರು. ಒದ್ದೆ ಬಟ್ಟೆಯಿಂದ ಮೇಜು ಒರೆಸಿದಾಗ ಉಳಿಯುವ ಗೀರು ಅದು. ನಾನು ದಿನಾ ಒರೆಸುತ್ತೇನೆ, ನನಗೆ ಗೊತ್ತಿಲ್ಲವೆ?

ಬಟ್ಟೆ ಒಗೆಯುವ ಪುಡಿಯಲ್ಲೂ ಅದೇ ಬೆಳ್ಳಗಾಗಿಸುವ ರಾಸಾಯನಿಕ ಇರುತ್ತದೆ ಎಂಬುದು ಈ ಕಸುಬಿನವರಿಗೆಲ್ಲ ಗೊತ್ತಿರುವ ವಿಚಾರ. ನನಗೂ ಗೊತ್ತಿತ್ತು. ಆದರೆ ಸೇನೆಯ ಉಣ್ಣೆ ಟೋಪಿಯನ್ನು ಸಾಬೂನು ಪುಡಿ ಹಾಕಿ ತೊಳೆಯುವವರನ್ನು ಯುರೋಪಿನ ಯಾವ ಸಂಗ್ರಾಹಕನೂ ಕಂಡಿರಲಾರ, ಹಾಗಾಗಿ ಅವರ ಕಣ್ಣಿನಿಂದಲೇ ನೋಡಿ ಅಭ್ಯಾಸವಾಗಿದ್ದ ನನಗೂ ಅದು ಹೊಳೆಯಲಿಲ್ಲ. ನಮ್ಮ ಕಡೆ ಸತ್ತವರ ಬಟ್ಟೆಯನ್ನು ಒಗೆಯದೆ ಇನ್ನೊಬ್ಬರ ಮನೆಗೆ ಕೊಡುವುದುಂಟೆ? ನನ್ನ ಗಂಡನ ಅಂಗಿಗಳನ್ನು ನಾನೇ ಒಗೆದು, ಮಡಚಿ, ಆಮೇಲೆ ಕೊಟ್ಟವಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗಾದೆ ಹೇಳುವುದು ಸುಲಭ.

ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿದ ಹೊತ್ತಿಗೆ ತಲುಪುವಂತೆ ಬರ್ಕಾದ ಬಸ್ಸು ಹತ್ತಿದೆ. ಮಡಿಲಲ್ಲಿ ಕುಕ್ಕರಿನ ಪೆಟ್ಟಿಗೆ, ಚೀಲದಲ್ಲಿ ಟಾರ್ಚು, ಸಣ್ಣ ಕತ್ತರಿ, ಚಿಮುಟ, ಭೂತಗನ್ನಡಿ, ಬೆಂಕಿಪೆಟ್ಟಿಗೆ. ವಸ್ತುಗಳನ್ನು ಹುಡುಕಿಕೊಂಡು ಕಚೇರಿಯ ಹೊರಗೆ ಹೋಗುವುದು ನನ್ನ ಕೆಲಸವಲ್ಲ, ಅರ್ಬಾಬಿಗೂ ಹೇಳಿರಲಿಲ್ಲ. ಅಂಗಡಿಯ ಮುಂದೆ ಕುರ್ಚಿ ಹಾಕಿ ಕುಳಿತಿದ್ದ ಕಾಕ ನನ್ನನ್ನು ಕಂಡು ಎದ್ದು ನಿಂತರು. ಪೆಟ್ಟಿಗೆಯನ್ನು ವಾಪಸು ಕೊಡಲು ಬಂದಿದ್ದೇನೆ ಎಂದುಕೊಂಡು ಕೈ ಚಾಚಿದರು. ನಾನು ಕೊಡದೆ, ಇದನ್ನು ಒಗೆದಿರಾ ಎಂದು ಕೇಳಿದೆ.

"ಒಗೆಯದೆ ಮತ್ತೆ?" ಎಂದರು ಅವರು, ಇದೆಂಥ ಪ್ರಶ್ನೆ ಎಂಬಂತೆ. "ಸಾರ್ ತೀರಿಕೊಂಡ ಮೇಲೆ ಅವರ ಬಟ್ಟೆಯೆಲ್ಲ ಒಗೆದದ್ದು ನಾನೇ. ಟೋಪಿ ನೀರಿಗೆ ಹಾಕಿದ್ರೆ ಆಕಾರ ಹೋಗ್ತದೆ ಅಂತ ಪುಡಿ ಕಲಸಿ ಬಟ್ಟೆಯಲ್ಲಿ ಒರೆಸಿದೆ. ಬಿಳಿ ಗೆರೆ ಎಲ್ಲ ಹಳದಿ ಹಿಡಿದಿತ್ತಲ್ಲ."

ಒಳಗಿನ ಚರ್ಮದ ಪಟ್ಟಿ? ಅದು ಪುಡಿಪುಡಿಯಾಗಿ ಉದುರುತ್ತಿತ್ತು. ರುವಿ ಪೇಟೆಯ ಟೈಲರನ ಹತ್ತಿರ ಒಳ್ಳೆಯ ಚರ್ಮ ಹುಡುಕಿಸಿ ಹೊಸದು ಹಾಕಿಸಿದ್ದರು. ಟೋಪಿಯ ಮುಂದಿನ ಕಪ್ಪು ಚಾಚಿಗೆ ತೆಂಗಿನೆಣ್ಣೆ ಸವರಿದ್ದರು. ಕೊನೆಗೆ ಲೋಬಾನದ ಹೊಗೆಯನ್ನೂ ಹಿಡಿದಿದ್ದರು. ಸಂಗ್ರಾಹಕರು ಯಾವುದನ್ನು ಮಾಡಬಾರದು ಎಂದು ಬಡಿದುಕೊಳ್ಳುತ್ತಾರೋ ಅದನ್ನೆಲ್ಲ ಒಂದೂ ಬಿಡದೆ ಮಾಡಿದ್ದರು, ಅದೂ ಎಷ್ಟು ಭಕ್ತಿಯಿಂದ.

ಅಂಗಡಿಯ ಹಿಂದೆ ಅಕ್ಕಿ ಮೂಟೆಗಳನ್ನು ಇಡುವ ಕಿಟಕಿ ಇಲ್ಲದ ಕೋಣೆ ಇತ್ತು. ಅಲ್ಲಿ ಒಂದು ಡಬ್ಬದ ಮೇಲೆ ನಾನು ಕುಳಿತೆ. ನಗಾಡಿದ್ದ ಅಂಗಡಿಯ ಯಜಮಾನನೂ ಕುತೂಹಲ ತಡೆಯದೆ ಬಾಗಿಲಿಗೆ ಒರಗಿ ನಿಂತ. ಟೈಲರನ ಹೊಲಿಗೆಯಲ್ಲಿ ಒಂದು ಬೆರಳಗಲದಷ್ಟನ್ನು ಬಿಚ್ಚಿ, ಚರ್ಮದ ಪಟ್ಟಿಯನ್ನು ಮಡಚಿದೆ. ಕೆಳಗಿನ ಪೈಪಿಂಗಿನ ಬಾಲ ಒಳಗೆ ಮಡಚಿಕೊಂಡಿರುವ ಜಾಗ ಕಂಡಿತು. ಕಾಕನ ಒದ್ದೆ ಬಟ್ಟೆ ಅಲ್ಲಿಗೆ ಮುಟ್ಟಿರುವ ಸಾಧ್ಯತೆ ಇರಲಿಲ್ಲ. ದೀಪ ಆರಿಸಲು ಹೇಳಿ ಟಾರ್ಚು ಒತ್ತಿದೆ. ಹೊರಗಿನ ಬಿಳಿ ಮೊದಲಿನಂತೆಯೇ ಹೊಳೆಯಿತು. ಒಳಗಿನದು ಹೊಳೆಯಲಿಲ್ಲ. ಹಳೆಯ ಹತ್ತಿಯ ಬತ್ತಿಯ ಹಾಗೆ ಮಂಕಾಗಿ, ಸತ್ತ ಹಾಗೆ ಇತ್ತು. 

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಮೊದಲು ಟೈಲರ್ ಹೊಲಿದ ನೂಲಿನ ಒಂದು ತುಂಡನ್ನು ಚಿಮುಟದಲ್ಲಿ ಹಿಡಿದು ಕಡ್ಡಿ ಗೀರಿದೆ. ಅದು ಕರಗಿ, ಮುದುಡಿ, ಗಟ್ಟಿ ಕರಿಮಣಿಯಾಯಿತು. ಪಾಲಿಯೆಸ್ಟರ್ ಹಾಗೆಯೇ ಆಗುವುದು. ಆಮೇಲೆ ಒಳಮಡಿಕೆಯ ಮೂಲ ಹೊಲಿಗೆಯಿಂದ ಒಂದು ಎಳೆಯನ್ನು ಬಿಡಿಸಿ ಸುಟ್ಟೆ. ಕಾಗದ ಸುಟ್ಟ ವಾಸನೆ ಬಂದು, ಬೆರಳಿಗೆ ತಾಗುವಷ್ಟರಲ್ಲಿ ಬೂದಿಯಾಗಿ ಉದುರಿತು. ಅದು ಹತ್ತಿ. ಪೈಪಿಂಗಿನದೇ ಒಂದು ಕೂದಲೆಳೆಯನ್ನು ಕೊನೆಯಲ್ಲಿ ಸುಟ್ಟಾಗ ತಲೆಕೂದಲು ಸುಟ್ಟ ಕಮಟು ಕೋಣೆಯನ್ನೆಲ್ಲ ತುಂಬಿತು. ಅದು ಉಣ್ಣೆ. ನಾಟಕದವರಿಗೆ ಇಷ್ಟು ಒಳ್ಳೆಯ ಉಣ್ಣೆಯನ್ನು ಯಾರೂ ಒಳಮಡಿಕೆಯಲ್ಲಿ ಬಚ್ಚಿಡುವುದಿಲ್ಲ. ಚಾಚಿನ ಅಡಿಯ ಗೆರೆಗಳನ್ನು, ಒಳಬಟ್ಟೆಯ ನೆಯ್ಗೆಯನ್ನು, ನೆತ್ತಿಯೊಳಗೆ ಪಾರದರ್ಶಕ ಹಾಳೆಯ ಕೆಳಗಿದ್ದ ತಯಾರಕರ ಮಾಸಲು ಮುದ್ರೆಯನ್ನು ಭೂತಗನ್ನಡಿಯಲ್ಲಿ ಇನ್ನೊಮ್ಮೆ ನೋಡಿದೆ. ಬೇಡವೆಂದು ತಳ್ಳಿಹಾಕಿದ್ದ ಎಲ್ಲವೂ ಈಗ ಒಂದೇ ಮಾತು ಹೇಳುತ್ತಿದ್ದವು.

"ಕಾಕ, ಟೋಪಿ ಅಸಲಿ," ಎಂದೆ. "ಅವತ್ತು ನಾನು ಹೇಳಿದ್ದು ತಪ್ಪು."

ಕಾಕ ಅಕ್ಕಿ ಮೂಟೆಯ ಮೇಲೆ ಕುಳಿತು, ಹೆಗಲ ಮೇಲಿನ ಬೈರಾಸಿನಲ್ಲಿ ಮುಖ ಮುಚ್ಚಿಕೊಂಡರು. ಅವರ ಭುಜ ಅಲುಗುತ್ತಿತ್ತು. ಅಂಗಡಿಯ ಯಜಮಾನ ಸದ್ದಿಲ್ಲದೆ ಹೋಗಿ ಮೂರು ಲೋಟ ಸುಲೈಮಾನಿ ಚಹಾ ತಂದ, ಅದೇ ಅವನ ಕ್ಷಮಾಪಣೆ. ನಾವು ಮೂವರೂ ಅಲ್ಲೇ ಕುಳಿತು ಕುಡಿದೆವು. ಯಾರೊಡನೆಯಾದರೂ ಕುಳಿತು ಚಹಾ ಕುಡಿದು ನನಗೆ ಎಷ್ಟು ದಿನವಾಗಿತ್ತೋ. ಬಸ್ಸಿಗೆ ಹೊತ್ತಾಗುವವರೆಗೆ ಏಳಲು ಮನಸ್ಸಾಗಲಿಲ್ಲ.

ಟೋಪಿಯನ್ನು ಕಚೇರಿಗೆ ವಾಪಸು ತಂದು ಅರ್ಬಾಬಿಗೆ ಹೇಳಿದಾಗ ಅವರು ನಕ್ಕು, ಮತ್ತೆ ಬರೆ, ಯಲ್ಲಾ ಎಂದರು. ಹೊಸ ವಿವರಣೆಯಲ್ಲಿ ಅಸಲಿ ಎಂದು ಬರೆದೆ. ಅದರ ಕೆಳಗೆ ಊನಗಳನ್ನು ಒಂದೂ ಬಿಡದೆ ಬರೆದೆ: ಹದ್ದು ಇಲ್ಲ, ಹೊರಮೈ ಸಾಬೂನಿನಿಂದ ಒರೆಸಲಾಗಿದೆ, ಒಳಪಟ್ಟಿ ಇತ್ತೀಚೆಗೆ ಬದಲಾಗಿದೆ. ಜಾಲತಾಣಕ್ಕೆ ಏರಿದ ದಿನವೇ ಒಬ್ಬ ಸಂಗ್ರಾಹಕ ಇದನ್ನು ತೊಳೆದ ಮೂರ್ಖ ಯಾರು ಎಂದು ಕೇಳಿ ಬರೆದ. ಉತ್ತರ ಕೊಡುವುದು ನನ್ನ ಕರ್ತವ್ಯ. ಆ ಒಂದು ಪತ್ರಕ್ಕೆ ನಾನು ಉತ್ತರ ಕೊಡಲಿಲ್ಲ.

ಊರಿಗೆ ಹೊರಡುವ ಹಿಂದಿನ ದಿನ ಕಾಕ ಮತ್ತೆ ಮೆಟ್ಟಿಲು ಹತ್ತಿ ಬಂದರು. ಟೋಪಿಯ ಬಗ್ಗೆ ಬರೆದದ್ದನ್ನು ಕನ್ನಡದಲ್ಲಿ ಒಂದು ಕಾಗದದ ಮೇಲೆ ಬರೆದುಕೊಡಬಹುದೆ ಎಂದು ಸಂಕೋಚದಿಂದ ಕೇಳಿದರು. ಅವರು ಐದನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದವರು. ನಾನು ಇಂಥದ್ದನ್ನು ಕನ್ನಡದಲ್ಲಿ ಬರೆದವಳೇ ಅಲ್ಲ. ನೆತ್ತಿ, ಪಟ್ಟಿ, ಚಾಚು, ಹುರಿ ಎಂದು ಒಂದೊಂದೇ ಪದ ಹುಡುಕಿ ಬರೆಯುತ್ತ ಹೋದೆ. ಎದುರು ಕುಳಿತವರಿಗೆ ಬರೆಯುವಾಗ ಕೈ ಬೇರೆಯೇ ರೀತಿ ಓಡುತ್ತದೆ ಎಂಬುದು ಅವತ್ತು ಗೊತ್ತಾಯಿತು.

ಅರ್ಧಕ್ಕೆ ಬಂದಾಗ, ಸಾರಿನ ತಂದೆಯದ್ದು ಅಂತಲೂ ಬರೆಯಿರಿ ಅಕ್ಕ ಎಂದರು. ನನ್ನ ಪೆನ್ನು ನಿಂತಿತು. ಈ ಕಸುಬಿನಲ್ಲಿ ವಸ್ತು ಹೇಳಿದ್ದನ್ನು ಬರೆಯಬಹುದೇ ಹೊರತು ಕೊಟ್ಟವರು ಹೇಳಿದ್ದನ್ನು ಬರೆಯುವಂತಿಲ್ಲ. ಟೋಪಿ ಆ ಕಾಲದ್ದು ಎಂದು ನನಗೆ ಗೊತ್ತು, ಯಾರ ತಲೆಯ ಮೇಲಿತ್ತು ಎಂದು ಗೊತ್ತಿಲ್ಲ. ಹಳೆಯ ಸಾಮಾನಿನ ಸಂತೆಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಿತ್ತು. ಅದನ್ನು ಅವರಿಗೆ ಹೇಳಿದೆ, ಮುಚ್ಚಿಡಲಿಲ್ಲ. ಆ ಸೇನೆಯ ಅಧಿಕಾರಿಗಳಲ್ಲಿ ಕೆಲವರು ಒಳಗಿನ ಚರ್ಮಕ್ಕೆ ತಮ್ಮ ಹೆಸರಿನ ಲೋಹದ ಅಕ್ಷರಗಳನ್ನು ಚುಚ್ಚಿಡುತ್ತಿದ್ದರು, ಹಳೆಯ ಪಟ್ಟಿಯಲ್ಲಿ ಹಾಗೇನಾದರೂ ಇತ್ತೆ ಎಂದೂ ಕೇಳಿದೆ.

ಅವರ ಮುಖದ ಬಣ್ಣ ಇಳಿಯಿತು. "ಎರಡು ಇತ್ತು. ಎಂತ ಅಕ್ಷರ ಅಂತ ನೋಡ್ಲಿಲ್ಲ. ಟೈಲರ್ ಬಿಸಾಡಿದ. ನಾನೇ ಬಿಸಾಡು ಅಂದೆ."

 ಕೆಳಗಿನ ಅಂಗಡಿಯಲ್ಲಿ ಯಾರೋ ಬಟ್ಟೆ ಹರಿಯುವ ಸದ್ದು ಕೇಳುತ್ತಿತ್ತು. ನಾನು ಬರೆದೇಬಿಟ್ಟೆ: "ಇದು ತನ್ನ ತಂದೆಯದ್ದು ಎಂದು ಕೊಟ್ಟವರು ಸಾಯುವ ಮುಂಚೆ ಹೇಳಿದರು." ಬರೆದದ್ದನ್ನು ಓದಿ ಹೇಳಿದೆ. ಕಾಕ ಯೋಚಿಸಿ, "ಕೇಳಿದವನು ನಾನು ಅಂತಲೂ ಹಾಕಿ," ಎಂದರು. ಹಾಕಿದೆ.

ಅವರು ಕಾಗದವನ್ನು ತೆಗೆದುಕೊಂಡು ಸಾಲಿಗೆ ಬೆರಳಿಟ್ಟು, ತುಟಿ ಅಲುಗಿಸುತ್ತ ಕೊನೆಯವರೆಗೆ ಓದಿದರು. ಆಮೇಲೆ ಅಡಿಯ ಖಾಲಿ ಜಾಗವನ್ನು ತೋರಿಸಿ, ಇದನ್ನೆಲ್ಲ ಯಾರು ಹೇಳಿದ್ದು ಅಂತ ಊರಲ್ಲಿ ಕೇಳಿದರೆ ಎಂತ ಹೇಳಲಿ ಎಂದರು. ವಿವರಣೆ ಬರೆದವರ ಹೆಸರು ಹಾಕುವ ಕ್ರಮ ಇಲ್ಲ, ಅದು ಕಚೇರಿಯ ಮಾತು ಎಂದೆ.

"ಹೆಸರಿಲ್ಲದವರು ಸಾಕ್ಷಿ ಹೇಳಿದ್ರೆ ಯಾರು ನಂಬ್ತಾರೆ ಅಕ್ಕ?"

ನಾನು ಸಹಿ ಮಾಡಿದೆ. ಕೆಳಗೆ ಪೂರ್ತಿ ಹೆಸರನ್ನು, ನನ್ನ ಮನೆತನದ ಹೆಸರನ್ನು, ಊರನ್ನು ಬಿಡಿಸಿ ಬರೆದೆ. ಈ ದೇಶದಲ್ಲಿ ನಾನು ಎಲ್ಲರಿಗೂ ಮೇಡಂ. ಕಾಕ ಅದನ್ನು ಗಟ್ಟಿಯಾಗಿ, ತಡೆದು ತಡೆದು, ಒಂದಕ್ಷರವೂ ಬಿಡದೆ ಓದಿದರು. ಗಂಡ ಹೋದ ಮೇಲೆ ಆ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಅವತ್ತೇ. ಕಣ್ಣು ತುಂಬಿ ಬಂತು, ತಡೆಯಲು ಹೋಗಲಿಲ್ಲ.

ಅವರು ನನ್ನ ಪೆನ್ನು ಕೇಳಿ ಪಡೆದು, ನನ್ನ ಹೆಸರಿನ ಪಕ್ಕದಲ್ಲಿ ತಮ್ಮ ಹೆಸರನ್ನು ಶಾಲೆಯ ದುಂಡಗಿನ ಅಕ್ಷರದಲ್ಲಿ ಬರೆದರು. ಕಾಗದವನ್ನು ಮಡಚಿ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಎದ್ದರು. ಒಮ್ಮೆ ಟೋಪಿಯನ್ನು ನೋಡುವಿರಾ ಎಂದು ಕೇಳಿದೆ.

"ಅದು ಎಲ್ಲಿಗೆ ಬೇಕಾದ್ರೂ ಹೋಗ್ಲಿ," ಎಂದರು. "ಸಾರ್ ನನಗೆ ಕೊಟ್ಟದ್ದು ಆ ಮಾತು. ಅದನ್ನು ನಾನು ಊರಿಗೆ ತೆಗೊಂಡು ಹೋಗ್ತೇನೆ."